ಯಾದಗಿರಿ ರೋಡಿನ ಸಲಾಂ

ಶಹಾಪುರದ ಭಾಂಡೆ ಗಯಾಸನಿಗಿ ಸೂರ್ಯನ ಜೋಡಿ ದುಷ್ಮನಿ ಇತ್ತು. ಮುಂಜಾನಿ ಮೋಟರ್‌ಸೈಕಲ್ ಗಾಡಿ ತುಂಬ ಸ್ಟೀಲಿನ ಭಾಂಡೆ ಕಟ್ಕೊಂಡು ಯಾದಗಿರಿ ಕಡಿ ಹೊಂಟ್ರ ಸೂರ್ಯ ಎದರಿಗಿ. ದಿನಾ ಪೂರಾ ದೋರನಹಳ್ಳಿ, ನಾಯ್ಕಲ್ ಅಂತ ತಿರಗಿ, ಭಾಂಡೆ ಕೊಟ್ಟು ಹಳೇ ಅರಬಿ-ಬಟ್ಟಿ, ಹೆಣ್ಮಕ್ಕಳು ಬಾಚಿ ಕೂಡಿಟ್ಟ ಕೂದಲಾ ತಗೊಂಡು ಸಂಜಿಕ ಹೊಳ್ಳಿ ಬರಬೇಕಾದ್ರ, ಅದೇ ಸೂರ್ಯ ಆಕಾಶ ದಾಟಿ ಬಂದು ಶಹಾಪುರದ ಗುಡ್ಡದ ಮ್ಯಾಲ ಕುಂತಿರತಿದ್ದ, ಮತ್ತ ಎದರಿಗೇ. "ಸಾಹುಕಾರ್ರಿಗಿ ಬಿಸಲು ಬೆನ್ನಿಗಿ, ನನಗ ಎರಡೂ ಹೊತ್ತು ಮಾರಿಗಿ. ಸೂರ್ಯಗ ನನ್ನ ಮ್ಯಾಲೇ ಡ್ಯೂಟಿ ಹಾಕ್ಯಾರ ನೋಡ್ರಿ," ಅಂತಿದ್ದ ಗಯಾಸ.

ಅವನ ಮಾತು ಯಾರೂ ಖರೆ ಅಂತ ತಿಳೀತಿದ್ದಿಲ್ಲ. ಹೋದ ಬ್ಯಾಸಗಿಯಾಗ ಶಿರವಾಳದಾಗ ಒಬ್ಬಾಕಿ ಅಂಗಳದಾಗ ಹಿಟ್ಟು ನಾದಿಟ್ಟು ನೀರು ತರಾಕ ಒಳಗ ಹೋಗಿ ಬರೂದ್ರಾಗ ರೊಟ್ಟಿ ಬೆಂದು, ಉಬ್ಬಿ, ತಾನೇ ಮಗ್ಗಲಾ ಬದಲಿ ಮಾಡಿತ್ತಂತ. ಅದೇ ಊರಾಗ ಒಂದು ನಾಯಿದು ನೆರಳು ಬಿಸಲು ತಾಳಲಾರದ, ನಾಯಿನ ರೋಡಿನ್ಯಾಗ ಬಿಟ್ಟು ತಾನೊಂದೇ ಬೇವಿನ ಗಿಡದ ಬುಡಕ ಹೋಗಿ ಕುಂತಿತ್ತಂತ. ಹೆಣ್ಮಕ್ಕಳು ಹೊಟ್ಟಿ ಹಿಡಕೊಂಡು ನಗತಿದ್ರು. "ಸುಳ್ಳಿನ ಸಾಬ ಬಂದಾನ, ಬರ್ರೇ," ಅಂತ ಒಬ್ಬರನ್ನ ಒಬ್ಬರು ಕರೀತಿದ್ರು. ನಗಕೋತ ನಗಕೋತ ಎರಡು ತಾಟು, ಒಂದು ಚರಗಿ ತಗೋತಿದ್ರು.

ಭಾಂಡೆ ಹೊಳೆಯೂದ್ರಾಗೇ ಧಂದಾ ಅದ ಅಂತ ಗಯಾಸ ತಿಳಕೊಂಡಿದ್ದ. ದಿನಾ ಮುಂಜಾನಿ ಎದ್ದು, ಒಂದೊಂದು ಭಾಂಡೆ ಮೆತ್ತನ್ನ ಬಟ್ಟಿಲೆ ತಿಕ್ಕತಿದ್ದ. ಗಾಡಿ ಮುಂದ, ಹೆಡ್‌ಲೈಟಿನ ಮ್ಯಾಲ, ರೊಟ್ಟಿ ಹಿಟ್ಟು ನಾದೂ ಅಗಲ ಪರಾತ ಒಂದು ನೆಟ್ಟಗ ನಿಂದರಿಸಿ ಕಟ್ಟಿದ್ದ. ಅದೇ ಅವನ ಬೋರ್ಡು. ಮೂರು ಹೊಲದ ಆಚಿ ಕಳೆ ತಗಿಯೂ ಹೆಣ್ಮಗಳಿಗೂ ಅದು ಮಿಂಚೂದು ಕಾಣತಿತ್ತು.

ಇನ್ನೊಂದು ದೊಡ್ಡಸ್ತನ ಇತ್ತು ಅವನದು. ಯಾದಗಿರಿ ರೋಡಿನ್ಯಾಗ ತನಗ ಸಲಾಂ ಹೊಡಿಲಾರದವ ಒಬ್ಬನೂ ಇಲ್ಲ ಅಂತಿದ್ದ. ಇದು ಮಾತ್ರ ಸುಳ್ಳಲ್ಲ. ಎದರಿಗಿ ಬರೂ ಗಾಡಿಯವ್ರು, ಟಂಟಂ ಆಟೋದವ್ರು, ಸೈಕಲ್ ಮ್ಯಾಲಿನ ಮುದುಕ್ರು, ಎಲ್ಲಾರೂ ಗಯಾಸ ಹಂತ್ಯಾಕ ಬಂದ್ರ ಸಾಕು, ಕೈ ಎತ್ತಿ ಹಣಿಗಿ ಹಚ್ಚತಿದ್ರು. ಗಯಾಸನೂ ಕೈ ಎತ್ತಿ ಹಣಿಗಿ ಹಚ್ಚತಿದ್ದ. ಒಬ್ಬಾಂವ ಅಂತೂ ದಿನಾ. ಮುಂಜಾನಿ ಏಳೂವರಿಗಿ ದೋರನಹಳ್ಳಿ ದಾಟಿದ ಮ್ಯಾಲ, ನಾಯ್ಕಲ್ ಕಡಿಲಿಂದ ಕೆಂಪು ಗಾಡಿ ಮ್ಯಾಲ ಬರತಿದ್ದ. ಮೂರು ವರ್ಷ ಆಗಿತ್ತು, ಇಬ್ಬರೂ ಒಂದು ಮಾತೂ ಆಡಿದ್ದಿಲ್ಲ, ಹೆಸರೂ ಗೊತ್ತಿದ್ದಿಲ್ಲ. ಖಾಲಿ ಸಲಾಂ. "ನಂದೊಬ್ಬ ದೋಸ್ತ ಹಾನ, ರೋಡಿನ ದೋಸ್ತ," ಅಂತ ಮನ್ಯಾಗ ಹೇಳತಿದ್ದ. ಹೆಂಡತಿ ಗುಲಫಶಾ ನಗತಿದ್ದಿಲ್ಲ. ಆಕಿಗಿ ಅವನ ಮಾತು ಕೇಳಿ ಕೇಳಿ ನಗಿ ತೀರಿ ಹೋಗಿತ್ತು.

ಹೋಳಿ ಹತ್ತರ ಬಂದಾಗ ಒಂದಿನ ಸಂಜಿಕ, ಬಿಸಲು ಸೀದಾ ಕಣ್ಣಾಗ ಹೊಡದು, ರೋಡು ಬಾಜೂಕ ಕಟಗಿ ಹೊರಿ ಹೊತ್ತು ಹೊಂಟಿದ್ದ ರೇಣಮ್ಮ ಅನ್ನೂ ಮುದುಕಿ ಗಯಾಸನಿಗಿ ಕಾಣಲೇ ಇಲ್ಲ. ಗಾಡಿ ಕಟಗಿ ಹೊರಿಗಿ ತಾಕಿತು, ಮುದುಕಿ ಗಿರ್ರನ ತಿರಗಿ ಕುಂತಳು. ಏನೂ ಆಗಿದ್ದಿಲ್ಲ. ಆದ್ರ ಆಕಿ ಬೈದದ್ದು ಎಂಥದಂದ್ರ, ಗಯಾಸನ ಏಳು ತಲಿ ಹಿಂದಿನವ್ರೂ ಗೋರಿಯಾಗ ಎದ್ದು ಕುಂತಿರಬೇಕು.

ಮನಿಗಿ ಬಂದು ಹೇಳಿದ. ಗುಲಫಶಾ ತವಾ ಮ್ಯಾಲಿನ ರೊಟ್ಟಿ ಬಿಟ್ಟು ಬಂದಳು.

"ಇವತ್ತು ಕಟಗಿಗಿ ತಾಕ್ಯದ. ನಾಳಿ ಮುದುಕಿಗಿ ತಾಕ್ತದ. ನಾಡದ ನಿಮಗ. ಹೆಲ್ಮೆಟ್ ತಗೋರಿ, ಗಾಜಿಂದು."

"ತಲಿ ಬೇಯ್ತದ ಅದ್ರಾಗ."

"ಬೇಯ್ಲಿ. ಹಸೀದಿದ್ದು ಏನು ಉಪಕಾರ ಮಾಡ್ಯದ ಇಷ್ಟು ದಿನ."

ಮರುದಿನ ಬಸ್‌ಸ್ಟ್ಯಾಂಡ್ ಹತ್ತರ ಸರದಾರಸಾಬ ಹೆಲ್ಮೆಟ್ ಹರವಿಕೊಂಡು ಕುಂತಿದ್ದ. ಸುರಪುರದವ, ಗಡ್ಡ ಪೂರಾ ಬೆಳ್ಳಗ, ತಾಡಪಾಲಿನ ಮ್ಯಾಲ ಸಾಲಾಗಿ ಇಟ್ಟ ಹೆಲ್ಮೆಟ್ ದೂರಿಂದ ನೋಡಿದ್ರ ಮಂದಿನ ಕುತ್ತಿಗಿ ಮಟ ಹುಗದಂಗ ಕಾಣತಿತ್ತು. ಗಯಾಸ ಮೊದಲು ಒಂದು ಅರ್ಧ ಹೆಲ್ಮೆಟ್ ಎತ್ತಿದ.

"ಅದು ಇಡು," ಅಂದ ಸರದಾರಸಾಬ. "ಅದು ಪೊಲೀಸರಿಗಿ ತೋರಸೂದು, ತಲಿಗಿ ಅಲ್ಲ. ಚಾದ ಕೆಟಲಿಗಿ ಮುಚ್ಚಳ ಆಗ್ತದ ಬೇಕಾದ್ರ."

"ಮತ್ತ ಮಾರಾಕ ಯಾಕ ಇಟ್ಟೀದಿ ಚಾಚಾ?"

"ನಿನ್ನಂಥವ್ರು ಕೇಳ್ತಾರ. ಇದು ಹಾಕ್ಕೊಂಡು ನೋಡು. ಗದ್ದದ ಪಟ್ಟಿ ಬಿಗಿ. ಈಗ ತಲಿ ಅಳ್ಳಾಡಸು. ತಲಿ ಒಂದು ಕಡಿ, ಹೆಲ್ಮೆಟ್ ಒಂದು ಕಡಿ ಹೊಂಟ್ರ ಬ್ಯಾಡ. ಎರಡೂ ಕೂಡಿ ಹೋಗಬೇಕು, ಗಂಡ ಹೆಂಡತಿ ಹಂಗ."

"ಅಂಥ ಗಂಡ ಹೆಂಡತಿನ ಎಲ್ಲಿ ನೋಡೀದಿ?"

ಸರದಾರಸಾಬ ನಕ್ಕ. ಐದು ಹೆಲ್ಮೆಟ್ ಹಾಕಿ ತಗದ್ರು. ಒಂದು ಕಿವಿ ಹಿಂಡತಿತ್ತು, ಒಂದು ಕಣ್ಣಿನ ಮ್ಯಾಲ ಜಾರತಿತ್ತು. ಆರನೇದು ಗಲ್ಲಕ್ಕ ಸ್ಪಂಜು ಬರಾಬರ್ ಕುಂತಿತು.

"ಗಾಜು ಯಾವುದು ಬೇಕು?"

"ಕರೀದು. ಇದ್ದದ್ರಾಗ ಭಾಳ ಕರೀದು."

"ಬ್ಯಾಡ ಬೇಟಾ. ಬಿಳೇ ಗಾಜು ತಗೋ, ಮ್ಯಾಲ ತುಟಿ ಹಂಗ ಮುಂದ ಚಾಚಿದ್ದು ಇರ್ತದಲ್ಲ, ಅಂಥಾದ್ದು. ಜರಾ ತಲಿ ಬಗ್ಗಿಸಿದ್ರ ಬಿಸಲು ಮರಿ ಆಗ್ತದ. ಗಾಜು ದಿನಾ ಒರಸು. ಗಾಜಿನ ಮ್ಯಾಲ ಗೀರು, ಧೂಳ ಇದ್ರ ಬಿಸಲು ಹತ್ತು ಪಟ್ಟು ಆಗ್ತದ. ಮತ್ತ ಹಗೂರ ಹೋಗು. ಇಷ್ಟೇ ಅದ ಔಷಧ. ಕರೀ ಗಾಜು ಸಂಜಿಮುಂದ ಕುರುಡ ಮಾಡ್ತದ."

ಗಯಾಸ ಕೇಳಲಿಲ್ಲ. ಕರೀ ಗಾಜೇ ತಗೊಂಡ.

ಮರುದಿನ ಮುಂಜಾನಿ ಗಾಡಿ ಹತ್ತಿದಾಗ ಅವನಿಗಿ ಹೊಸ ದುನಿಯಾ ಸಿಕ್ಕಂಗ ಆತು. ಸೂರ್ಯ ಎದರಿಗಿ ಬಂದ, ಆದ್ರ ಎಂಥ ಸೂರ್ಯ, ಬೆಲ್ಲದ ಉಂಡಿ ಹಂಗ, ಬಾಯಾಗ ಹಾಕ್ಕೋಬೇಕು ಅನಸೂವಂಗ. ಇಷ್ಟು ದಿನ ತಲಿ ಬಗ್ಗಿಸಿ, ರೋಡಿನ ದಂಡಿ ಹಿಡದು, ಆಮಿ ಗತೆ ಹೋಗತಿದ್ದವ ಅವತ್ತು ರೋಡಿನ ನಟ್ಟನಡುವ ಬಂದ. ಗಾಡಿ ಓಡಸೂ ಹುರುಪಿಗಿ ಹಿಂದ ತಾಟು ಚರಗಿ ಎಲ್ಲಾ ಝಣ ಝಣ ಅನ್ನಾಕತ್ತವು. ಹೋಳಿ ಧಂದಾ ಬರ್ತದಂತ ಪರಾತ ನಿನ್ನಿ ಸಂಜಿಕೇ ಎರಡು ಸಲ ತಿಕ್ಕಿದ್ದ.

ದೋರನಹಳ್ಳಿ ದಾಟಿತು. ಎದರಿಗಿ ಕೆಂಪು ಗಾಡಿ ಕಂಡಿತು. ರೋಡಿನ ದೋಸ್ತ. ಅವನೂ ಹೆಲ್ಮೆಟ್ ಹಾಕಿದ್ದ, ಬಿಳೇ ಗಾಜಿಂದು. ದಿನದಂಗೇ ಕೈ ಎತ್ತಿ ಹಣಿಗಿ ಹಚ್ಚಿದ. ಗಯಾಸ ಖುಷಿಲೆ ಹಾರ್ನ್ ಹೊಡದು ಕೈ ಎತ್ತಿದ.

ಆ ಗಾಡಿ ಸೀದಾ ಬರೂದು ಬಿಟ್ಟು ಬಾಜೂಕ ಹೊಂಟಿತು. ರೋಡು ಬಿಟ್ಟಿತು, ಕಲ್ಲಿಗಿ ಹೊಡೀತು, ಮನಷಾ ಮ್ಯಾಲೆದ್ದು ಹತ್ತಿ ಹೊಲದಾಗ ಬಿದ್ದ.

ಗಯಾಸ ಓಡಿದ. ಹೆಲ್ಮೆಟ್ ಸೀಳಿತ್ತು, ತಲಿ ಉಳದಿತ್ತು. ಎಡಗೈ ಮಾತ್ರ ಇರಬಾರದ ಕಡಿ ಹೊಳ್ಳಿತ್ತು. ಹಾದು ಹೋಗೂ ಟಂಟಂ ನಿಂದರಿಸಿ, ಅವನ ತಲಿ ತನ್ನ ತೊಡಿ ಮ್ಯಾಲ ಇಟ್ಟಕೊಂಡು ಯಾದಗಿರಿ ದವಾಖಾನಿಗಿ ಒಯ್ದ. ಹೆಸರು ಭೀಮರಾಯ ಅಂತ ಅಲ್ಲೇ ಗೊತ್ತಾತು. ನಾಯ್ಕಲ್‌ದವ. ಶಹಾಪುರದಾಗ ಒಂದು ಸಾಲಿ ಮಕ್ಕಳ ಟೆಂಪೊ ನಡಸೂ ಡ್ರೈವರ್. ಹೆಂಡತಿ ಭಾಗ್ಯ ಅಳಕೋತ ಬಂದು ಗಯಾಸನ ಕಾಲಿಗಿ ಬೀಳಾಕ ಬಂದಳು.

"ಅಣ್ಣಾ, ನೀವು ದೇವರ ಗತೆ ಸಿಕ್ಕೀರಿ."

ಮಂಚದ ಮ್ಯಾಲಿಂದ ಭೀಮರಾಯ ಅಂದ, "ಏನಾತೋ ತಿಳೀಲಿಲ್ಲ ಗಯಾಸಣ್ಣ. ದಿನಾ ಆ ಜಾಗಾದಾಗ ಕಣ್ಣಾಗ ಬೆಂಕಿ ಹೊಡದಂಗ ಆಗ್ತದ. ದಿನಾ ಕೈ ಮರಿ ಹಿಡದು ದಾಟತಿದ್ದೆ. ಇವತ್ತು ಭಾಳ ಆತು, ಭಾಳ ಹೊತ್ತು ಕಣ್ಣಾಗೇ ನಿಂತಿತು."

ಕೈ ಮರಿ ಅನ್ನೂ ಮಾತು ಗಯಾಸನ ಕಿವ್ಯಾಗ ಉಳೀತು.

ಮರುದಿನ ಮುಂಜಾನಿ ಅದೇ ಜಾಗಾಕ್ಕ ಹೋಗಿ, ಗಾಡಿ ಯಾದಗಿರಿ ಕಡಿ ಮಾರಿ ಮಾಡಿ ನಿಂದರಿಸಿದ. ಹೆಲ್ಮೆಟ್ ತಗದ. ಮುಂದ ಒಂದು ನೂರು ಹೆಜ್ಜಿ ನಡದು ಹೋಗಿ, ಬೆನ್ನಿಗಿ ಬಿಸಲು ಮಾಡಿ, ಹೊಳ್ಳಿ ತನ್ನ ಗಾಡಿ ಕಡಿ ನೋಡಿದ.

ಗಾಡಿ ಇದ್ದಿದ್ದಿಲ್ಲ ಅಲ್ಲಿ. ಒಂದು ಬೆಂಕಿ ಇತ್ತು. ಬೆನ್ನ ಹಿಂದಿನ ಸೂರ್ಯ ಪರಾತದಾಗ ಇಳದು ಮುಂದಿಂದ ಹೊಡದ. ಗಯಾಸನ ಕೈ ತಾನೇ ಮ್ಯಾಲೆದ್ದು ಹಣಿಗಿ ಹತ್ತಿತು.

ಹಂಗೇ ಕೈ ಹಣಿಗಿ ಹಚ್ಚಿಕೊಂಡು ನಡುರೋಡಿನ್ಯಾಗ ನಿಂತ. ಮೂರು ವರ್ಷ. ಗಾಡಿಯವ್ರು, ಟಂಟಂದವ್ರು, ಸೈಕಲ್ ಮುದುಕ್ರು. ಒಬ್ಬನೂ ಸಲಾಂ ಹೊಡದಿದ್ದಿಲ್ಲ. ಎಲ್ಲಾರೂ ಅವನ ಪರಾತಕ್ಕ ಕಣ್ಣಿಗಿ ಕೈ ಮರಿ ಹಿಡದಿದ್ರು, ಇವ ದೊಡ್ಡ ನವಾಬನಂಗ ವಾಪಸ್ ಕೈ ಎತ್ತಿದ್ದ.

ಪರಾತ ಬಿಚ್ಚಿ ಚೀಲದಾಗ ಹಾಕಿದ. ಭಾಂಡೆ ಮ್ಯಾಲ ಗೋಣಿ ತಟ್ಟು ಹೊಚ್ಚಿದ. ಯಾರಿಗೂ ಹೇಳಲಿಲ್ಲ. ಹೇಳಿದ್ರ ಏನಾಗ್ತದ ಅಂತ ಅವನಿಗಿ ಗೊತ್ತಿತ್ತು. ಕೇಸ್ ಆಗ್ತದ, ಗಾಡಿ ಸ್ಟೇಷನ್ನಿನ ಅಂಗಳದಾಗ ಜಂಗು ಹಿಡೀತದ, ನಾಯ್ಕಲ್ ಸುತ್ತಿನ ಹಳ್ಳ್ಯಾಗ ಕಾಲಿಡಾಕ ಬಿಡೂದಿಲ್ಲ. ಅವನ ಧಂದಾ ಪೂರಾ ಆ ಒಂದು ರೋಡಿನ ಮ್ಯಾಲೇ ಇತ್ತು.

ಹೇಳಲಿಲ್ಲ, ಆದ್ರ ದಿನಾ ಹೋಗಾಕ ಹತ್ತಿದ. ಮೊದಲು ದವಾಖಾನಿಗಿ, ನಾಕು ದಿನಕ್ಕ ಬಿಟ್ಟು ಕಳಿಸಿದ ಮ್ಯಾಲ ನಾಯ್ಕಲ್‌ದಾಗ ಭೀಮರಾಯನ ಮನಿಗಿ. ಬಾಳಿಹಣ್ಣು ಒಯ್ತಿದ್ದ, ಕತಿ ಒಯ್ತಿದ್ದ. ಸುರಪುರದಾಗ ಒಬ್ಬನ ಮೂಗು ಎಷ್ಟು ಉದ್ದ ಇತ್ತಂದ್ರ, ಅದರ ನೆರಳಾಗ ನಾಕು ಮಂದಿ ಕುಂತು ಪಗಡಿ ಆಡತಿದ್ರಂತ. ಅಂವ ಸೀನಿದ್ರ ಆಟ ಮೊದಲಿಂದ ಸುರು ಮಾಡಬೇಕಾಗತಿತ್ತಂತ. ಭೀಮರಾಯ ನಕ್ಕು ನಕ್ಕು ಪಟ್ಟಿ ಕಟ್ಟಿದ ಕೈ ಹಿಡಕೋತಿದ್ದ. "ಸಾಕೋ ಮಾರಾಯ, ಎಲುಬು ಕೂಡಾಕ ಬಿಡು," ಅಂತಿದ್ದ. ಅವನು ನಕ್ಕಷ್ಟು ಗಯಾಸನ ಎದಿ ಭಾರ ಆಗತಿತ್ತು. ಆದ್ರೂ ಮರುದಿನ ಮತ್ತ ಹೋಗತಿದ್ದ, ಇನ್ನೊಂದು ದೊಡ್ಡ ಸುಳ್ಳು ಕಟ್ಟಿಕೊಂಡು.

ಹನ್ನೊಂದನೇ ದಿನ ಭಾಗ್ಯ ಬಾಗಲದಾಗೇ ನಿಂತಿದ್ದಳು. ಚಾ ಕೇಳಲಿಲ್ಲ.

"ಅಣ್ಣಾ, ಸಾಲಿಯವ್ರು ಇವರನ್ನ ತಗದು ಬ್ಯಾರೆ ಡ್ರೈವರ್ ಇಡ್ತಾರಂತ. ನಾಳಿ ಬಂದು ಮಾತಾಡಿ ಹೋಗ್ರಿ ಅಂತ ಹೆಡ್‌ಟೀಚರ್ ಹೇಳಿ ಕಳಿಸ್ಯಾರ."

"ಯಾಕಂತ?"

"ಬಿಸಲು ಬೆನ್ನಿಗಿ ಇತ್ತು, ರೋಡು ಖಾಲಿ ಇತ್ತು, ಎದರಿಗಿ ಬಂದವ ಮುಟ್ಟಿಲ್ಲ. ಮತ್ತ ಹ್ಯಾಂಗ ಬಿದ್ದ ಅಂತಾರ. ಕಣ್ಣಾಗ ಬೆಂಕಿ ಬಿತ್ತು ಅಂದ್ರ ಯಾರು ನಂಬ್ತಾರ. ಮೂರ್ಛಿ ಬ್ಯಾನಿ ಇರಬೇಕು, ಇಲ್ಲಂದ್ರ ಕುಡದಿರಬೇಕು, ಮಕ್ಕಳ ಗಾಡಿ ಇವನ ಕೈಯಾಗ ಕೊಡಾಕ ಆಗೂದಿಲ್ಲ ಅಂತಾರ." ಆಕಿ ಸೆರಗು ಹಲ್ಲಾಗ ಹಿಡದಳು. "ನಮ್ಮ ಮನ್ಯಾಗ ಯಾರೂ ಸೆರೆ ಮುಟ್ಟಿಲ್ಲಣ್ಣ. ಈಗ ನಮ್ಮ ಮನಿಯವ್ರಿಗೇ ತಮ್ಮ ಮ್ಯಾಲ ಸಂಶೇ ಹತ್ಯದ. ನಿನ್ನಿ ನನಗ ಕೇಳ್ತಾರ, ನನಗ ಖರೆನೇ ಮೂರ್ಛಿ ಬರ್ತದೇನು ನೀ ಎಂದರ ನೋಡೀದೇನು ಅಂತ."

ಅವತ್ತು ಗಯಾಸ ಒಳಗ ಹೋಗಲಿಲ್ಲ. ಸೀದಾ ಮನಿಗಿ ಬಂದ. ಭಾಂಡೆ ಇಳಸಲಿಲ್ಲ, ಕೈಕಾಲು ತೊಳೀಲಿಲ್ಲ, ಗುಲಫಶಾಳ ಎದರಿಗಿ ಕುಂತು ಮೊದಲಿಂದ ಕಡೀತನ ಹೇಳಿದ. ಜ್ವಾಳ ಹಸನ ಮಾಡಾಕತ್ತಿದ್ದಾಕಿ ಮೊರ ಕೆಳಗಿಟ್ಟಳು.

"ಇದೂ ಒಂದು ಕತೀನಾ?"

"ನಿನ್ನಾಣಿ, ಅಲ್ಲ."

"ಬಿಸಲು ನಿಮ್ಮ ಕಣ್ಣಿಗಿ ಬೀಳಬಾರದಂತ ಹೆಲ್ಮೆಟ್ ತಗೋರಿ ಅಂದಾಕಿ ನಾನೇ. ಮಂದಿ ಕಣ್ಣಿನ ಸುದ್ದಿ ನನಗೂ ಹೊಳೀಲಿಲ್ಲ," ಅಂದಳು. "ನಾಳಿ ಮುಂಜಾನಿ ಹೋಗ್ರಿ."

"ಗಾಡಿ ಹೋಗ್ತದ. ಧಂದಾ ಹೋಗ್ತದ."

"ಹೋದ್ರ ತಲಿ ಮ್ಯಾಲ ಬುಟ್ಟಿ ಹೊತ್ತು ಮಾರೂಣು. ನಿಮ್ಮ ಅಮ್ಮಾ ಹಂಗೇ ಮಾರಿದ್ಳಲ್ಲ. ಆ ಮನಷಾ ತನ್ನ ಮೈನೇ ನಂಬದಂಗ ಆಗ್ಯಾನ. ಅದನ್ನ ಯಾವ ಬಾಳಿಹಣ್ಣಿಲೆ ತುಂಬ್ತೀರಿ?"

ಮರುದಿನ ಮಕ್ಕಳು ಪ್ರಾರ್ಥನಾಕ್ಕ ನಿಂದರೂ ಹೊತ್ತಿಗಿ ಗಯಾಸ ಸಾಲಿಗಿ ಹೋದ. ಪರಾತ ಮುಂದ ಕಟ್ಟಿದ್ದ, ಮೊದಲು ಇದ್ದಂಗೇ, ತಿಕ್ಕಿ. ಭೀಮರಾಯ ಪಟ್ಟಿ ಕಟ್ಟಿದ ಕೈ ಕೊರಳಿಗಿ ಹಾಕ್ಕೊಂಡು ಕಟ್ಟಿ ಮ್ಯಾಲ ಕುಂತಿದ್ದ, ಹಂತ್ಯಾಕ ಭಾಗ್ಯ. ಹೆಡ್‌ಟೀಚರ್ ಸರೋಜಾ ಮೆಟ್ಟಲ ಮ್ಯಾಲ ನಿಂತಿದ್ದಳು. ಆಕಿಗಿ ಗಯಾಸ ಗೊತ್ತು. ಇಬ್ಬರದೂ ಒಂದೇ ಓಣಿ.

"ಟೀಚರ್ರ, ಭೀಮಣ್ಣನ ತಪ್ಪಿಲ್ಲ. ನನ್ನ ಪರಾತ ಅವನ ಕಣ್ಣು ಕಟ್ಯದ."

ಸರೋಜಾ ಕನ್ನಡಕ ಸರಿ ಮಾಡಿಕೊಂಡಳು. "ಗಯಾಸ, ಹೋದ ವಾರ ನಿನ್ನ ಕೋಳಿ ನೆಲದ ಮ್ಯಾಲ ಸೀದಾ ಆಮ್ಲೆಟ್ ಹಾಕಿತ್ತು. ಈ ವಾರ ಪರಾತ ಮನಷಾನ್ನ ಕೆಡವ್ಯದ. ಪಾಪ ಅವಗ ಉಪಕಾರ ಮಾಡಬೇಕಂತ ನಿನ್ನ ಮನಸಿನ್ಯಾಗ ಅದ, ತಿಳೀತದ. ಆದ್ರ ಇದು ಮಕ್ಕಳ ಜೀವದ ಮಾತು. ಕತಿ ಬ್ಯಾಡ."

ಕಟ್ಟಿ ಮ್ಯಾಲ ಭೀಮರಾಯನೂ ಸಣ್ಣಗ ನಕ್ಕ. "ಬಿಡು ಗಯಾಸಣ್ಣ. ನನ್ನ ಸಲುವಾಗಿ ನೀ ಎಷ್ಟಂತ ಸುಳ್ಳು ಹೇಳ್ತಿ."

ಗಯಾಸ ಆಣಿ ಮಾಡಾಕ ಬಾಯಿ ತಗದ, ತನ್ನ ಆಣಿಗಿ ಎಷ್ಟು ಕಿಮ್ಮತ್ತು ಅದ ಅಂತ ನೆನಪಾಗಿ ಮುಚ್ಚಿದ. ಗಾಡಿ ಅಂಗಳದ ಆಚಿ ತುದಿಗಿ ಒಯ್ದ. ಬಿಸಲಿಗಿ ಮಾರಿ ಮಾಡಿ ನಿಂದರಿಸಿದ. ಹ್ಯಾಂಡಲ್ ಹಿಡದು ಜರಾ ಜರಾ ಹೊಳ್ಳಿಸಿದ.

ಬೆಳಕು ಮೊದಲು ಗೋಡಿ ಮ್ಯಾಲ ಹರೀತು. ಆಮ್ಯಾಲ ಮಕ್ಕಳ ಸಾಲಿನ ಮ್ಯಾಲ ಬಂತು. ಒಂದು ಸಾಲು ಮಕ್ಕಳು ಕೈ ಎತ್ತಿ ಹಣಿಗಿ ಹಚ್ಚಿದ್ರು, ಅದರ ಹಿಂದಿನ ಸಾಲು, ಅದರ ಹಿಂದಿಂದು. ಯಾರೂ ಹಚ್ಚರಿ ಅಂತ ಹೇಳಿದ್ದಿಲ್ಲ. ಬೆಳಕು ಮೆಟ್ಟಲ ಏರಿ ಸರೋಜಾಳ ಮಾರಿಗಿ ಬಡೀತು. ಆಕಿ ಒಂದು ಹೆಜ್ಜಿ ಹಿಂದ ಸರದಳು, ಕಾಲು ತಪ್ಪಿ ಕಂಬ ಹಿಡದಳು, ಕೈ ಹಣಿ ಮ್ಯಾಲ ಇತ್ತು.

"ತಗಿ ಅದನ್ನ," ಅಂದಳು. "ತಗಿ. ಕಂಡಿತು."

ಗಯಾಸ ಹ್ಯಾಂಡಲ್ ಹೊಳ್ಳಿಸಿದ. ಅಂಗಳದಾಗ ಒಂದು ಮಗೂನೂ ನಗಲಿಲ್ಲ.

ಸರೋಜಾ ಕಣ್ಣು ತಿಕ್ಕಿಕೊಂಡು ಕೆಳಗ ಬಂದಳು. ಭೀಮರಾಯಗ ಅಂದಳು, "ಕೈ ಕೂಡಲಿ. ಕೂಡಿದ ಮ್ಯಾಲ ಬಾ. ಗಾಡಿ ನಿಂದೇ." ಭಾಗ್ಯ ಅಳಾಕ ಸುರು ಮಾಡಿದಾಕಿ, ನಡುವೇ ನಿಂದರಿಸಿ ಗಯಾಸನ ಮಾರಿ ನೋಡಿದಳು. ಆ ನೋಟದಾಗ ಅಣ್ಣ ಇದ್ದಿದ್ದಿಲ್ಲ.

ಮಕ್ಕಳು ಒಳಗ ಹೋದ್ರು. ಭೀಮರಾಯ ಎದ್ದು ಗಾಡಿ ಹತ್ತರ ಬಂದ. ಪರಾತದ ಅಂಚು ಒಂದು ಬೆರಳಿಲೆ ಮುಟ್ಟಿದ.

"ಯಾವಾಗ ಗೊತ್ತಾತು ನಿನಗ?"

ಒಂದು ಸುಳ್ಳು ಬಾಯಿ ತುದಿ ಮಟ ಬಂದಿತ್ತು. ನಿನ್ನಿ ಅಂದ್ರ ಮುಗೀತಿತ್ತು.

"ನೀ ಬಿದ್ದ ಮರುದಿನ."

"ಅವತ್ತಿಂದ ದಿನಾ ಬಂದೀದಿ ನನ್ನ ಮನಿಗಿ."

"ಹೌದು."

"ಮೂಗಿನ ಕತಿ ಹೇಳೀದಿ. ನೆರಳಿನ ಕತಿ ಹೇಳೀದಿ. ನಾ ರಾತ್ರಿ ಎಲ್ಲಾ ನನಗ ಮೂರ್ಛಿ ಬ್ಯಾನಿ ಅದ ಅಂತ ಅಂಜಕೋತ ಮಕ್ಕೋತಿದ್ದೆ. ಹೊತ್ತು ಹೊಂಟ್ರ ನೀ ಬಂದು ನಗಸತಿದ್ದಿ. ನಿನ್ನ ಹಾದಿ ಕಾಯ್ತಿದ್ದೆ ಮಾರಾಯ."

ಬೈದ್ರ ಗಯಾಸ ಬೈಸಿಕೋತಿದ್ದ. ಹೊಡದ್ರ ಹೊಡಸಿಕೋತಿದ್ದ. ಭೀಮರಾಯ ಎರಡೂ ಮಾಡಲಿಲ್ಲ.

"ಸ್ಟೇಷನ್ನಿಗಿ ಹೋಗೂದಿದ್ರ ನಾನೇ ಬರ್ತೀನಿ ಭೀಮಣ್ಣ. ಬರದು ಕೊಡ್ತೀನಿ."

"ನಿನ್ನ ಗಾಡಿ ಜಂಗು ಹಿಡದ್ರ ನನ್ನ ಎಲುಬು ಕೂಡ್ತದೇನು." ಭೀಮರಾಯ ಹೆಂಡತಿಗಿ ನಡಿ ಅಂತ ಕಣ್ಣು ಮಾಡಿದ. ನಾಕು ಹೆಜ್ಜಿ ಹೋಗಿ ನಿಂತ, ಹೊಳ್ಳಲಿಲ್ಲ.

"ನಾಳಿ ಬಾ," ಅಂದ. "ದಿನದಂಗ ಬಾ. ಬಂದು ಸುಮ್ನ ಕುಂದರು. ಒಂದು ಮಾತು ಆಡಬ್ಯಾಡ."

ಮರುದಿನ ಗಯಾಸ ಹೋದ. ಗೋಣಿ ತಟ್ಟು ಹೊಚ್ಚಿದ ಗಾಡಿ ಹೊರಗ ನಿಂದರಿಸಿ, ಹೆಲ್ಮೆಟ್ ತೊಡಿ ಮ್ಯಾಲ ಇಟ್ಟಕೊಂಡು ಹೊರಸಿನ ಹಂತ್ಯಾಕ ಕುಂತ. ಭೀಮರಾಯ ಛತ್ತು ನೋಡಕೋತ ಮಕ್ಕೊಂಡಿದ್ದ. ಭಾಗ್ಯ ಚಾ ತಂದು ನೆಲದ ಮ್ಯಾಲ ಇಟ್ಟು ಹೋದಳು, ಕೈಯಾಗ ಕೊಡಲಿಲ್ಲ. ಹೊರಗ ಯಾರೋ ಹೆಣ್ಮಗಳು, ಸುಳ್ಳಿನ ಸಾಬನ ಗಾಡಿ ಅದ ನೋಡ್ರೇ, ಕರೀರಿ ಅವನ್ನ, ಅಂತ ಒದರಾಕತ್ತಿದ್ದಳು. ಗಯಾಸ ಏಳಲಿಲ್ಲ. ಚಾ ಕುಡದ, ಕಪ್ಪು ಕೆಳಗಿಟ್ಟ, ಮತ್ತ ಹಂಗೇ ಕುಂತ. ಭೀಮರಾಯನ ಕಣ್ಣು ಇನ್ನೂ ಛತ್ತಿನ ಮ್ಯಾಲೇ ಇತ್ತು.